ಮೊದಲು ಓಡಲಿ, ಆಮೇಲೆ ಬಣ್ಣ: 1:6 ಅಳತೆಯ ಮಾದರಿ ಟ್ಯಾಂಕ್ ಕಟ್ಟಿ ಪರೀಕ್ಷಿಸುವ ಬಗೆ

"ನಾನೊಂದು ಟ್ಯಾಂಕ್ ಕಟ್ಟುತ್ತಿದ್ದೇನೆ" ಅಂದಾಗಲೆಲ್ಲ "ಎಷ್ಟು ಲೀಟರಿನದ್ದು?" ಅಂತ ಯಾರಾದರೂ ಕೇಳುತ್ತಾರೆ. ಕೇಳಿದವರ ತಪ್ಪೇನಿಲ್ಲ. 1915ರಲ್ಲಿ ಬ್ರಿಟಿಷರು ಈ ಯುದ್ಧಯಂತ್ರವನ್ನು ಗುಟ್ಟಾಗಿ ಕಟ್ಟುವಾಗ, ಹೊರಗಿನವರಿಗೆ ಸುಳಿವು ಸಿಗಬಾರದೆಂದು ಇದೊಂದು ನೀರಿನ ತೊಟ್ಟಿ ಅಂತಲೇ ಹೇಳಿಕೊಂಡರು. ಹೆಸರು ಅಂಟಿಕೊಂಡಿತು. ಅದೇ ವರ್ಷ ಇಂಗ್ಲೆಂಡಿನ ಲಿಂಕನ್‌ನಲ್ಲಿ ವಿಲಿಯಂ ಟ್ರಿಟನ್ ಮತ್ತು ವಾಲ್ಟರ್ ವಿಲ್ಸನ್ ಕಟ್ಟಿದ ಮೊದಲ ಯಂತ್ರವನ್ನು ಓಡಿಸಿ ನೋಡಿದಾಗ ಎದುರಾದ ದೊಡ್ಡ ಕಾಟ ಯಾವುದು ಗೊತ್ತಾ? ಟ್ರ್ಯಾಕ್, ಅಂದರೆ ಚಕ್ರಗಳ ಸುತ್ತ ಓಡುವ ಕೊಂಡಿಗಳ ಪಟ್ಟಿ, ಜೋತುಬಿದ್ದು ಕಳಚಿಕೊಳ್ಳುವುದು. ಅಮೆರಿಕದಿಂದ ತರಿಸಿದ್ದ ಟ್ರ್ಯಾಕನ್ನು ಬದಿಗಿಟ್ಟು ಟ್ರಿಟನ್ ಹೊಸದನ್ನೇ ಮಾಡಬೇಕಾಯಿತು.

ಮಾದರಿ ಟ್ಯಾಂಕ್ ಕಟ್ಟುವವರಿಗೆ ಇವತ್ತಿಗೂ ಅದೇ ಕಾಟ. ಟರೆಟ್ (ಫಿರಂಗಿ ಹೊತ್ತು ತಿರುಗುವ ಮೇಲಿನ ಗೋಪುರ) ಚೆಂದ, ಬಣ್ಣ ಚೆಂದ, ಹತ್ತು ಅಡಿ ಹೋಗುವಷ್ಟರಲ್ಲಿ ಟ್ರ್ಯಾಕ್ ನೆಲದ ಮೇಲೆ. ಅದಕ್ಕೇ ಈ ಮಾರ್ಗದರ್ಶಿಯನ್ನು ನೆಲದಿಂದ ಮೇಲಕ್ಕೆ ಬರೆದಿದ್ದೇನೆ. ಮೊದಲು ಟ್ರ್ಯಾಕ್, ಚಕ್ರ, ಮೋಟಾರು. ಅವು ಪೂರ್ತಿ ತೂಕ ಹೊತ್ತು ಓಡಿದ ಮೇಲೆ ಉಳಿದದ್ದು. ಟರೆಟ್‌ಗೆ ಮೊದಲೇ ಬಣ್ಣ ಹೊಡೆಯುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದ ಹಾಗೆ. ನಾನು ಹೊಲಿದಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಯಾವ ಟ್ಯಾಂಕ್, ಎಷ್ಟು ದೊಡ್ಡದು

1:35, ಅಂದರೆ ಅಸಲಿಯ 35ರಲ್ಲಿ ಒಂದು ಅಳತೆ, ಮೇಜಿನ ಮೇಲಿಡುವ ಗೊಂಬೆ. 1:16 ರಿಮೋಟ್ ಆಟಿಕೆಗಳ ಅಳತೆ. 1:6ಕ್ಕೆ ಬಂದಿರೋ, ಅದು ಆಟಿಕೆಯಲ್ಲ, ಸಣ್ಣ ವಾಹನ. ಜರ್ಮನಿಯ ಟೈಗರ್ 1 ಟ್ಯಾಂಕನ್ನೇ ತೆಗೆದುಕೊಳ್ಳಿ. ಅಸಲಿಯ ಬಾಡಿ ಸುಮಾರು 6.3 ಮೀಟರ್ ಉದ್ದ, 3.7 ಮೀಟರ್ ಅಗಲ, ತೂಕ 57 ಟನ್. ಆರರಿಂದ ಭಾಗಿಸಿದರೆ 105 ಸೆಂ.ಮೀ ಉದ್ದ, 62 ಸೆಂ.ಮೀ ಅಗಲ. ಅಗಲವನ್ನು ಒಮ್ಮೆ ನಿಮ್ಮ ಬಾಗಿಲಿನ ಅಗಲದ ಜೊತೆ ಹೋಲಿಸಿ ನೋಡಿ. ಹೊರಗೆ ತರಲಾಗದ ಟ್ಯಾಂಕನ್ನು ಒಳಗೆ ಕಟ್ಟಿ ಕೂತವರ ಕಥೆ ಬೇಡ.

ಉದ್ದ ಆರರಲ್ಲಿ ಒಂದಾದರೆ ತೂಕ ಆರರ ಘನದಲ್ಲಿ, ಅಂದರೆ 216ರಲ್ಲಿ ಒಂದಾಗುತ್ತದೆ. 57 ಟನ್ನಿಗೆ 264 ಕಿಲೋ. ಅಷ್ಟು ತೂಕ ಯಾರೂ ತರುವುದಿಲ್ಲ, ಬೇಕಾಗಿಯೂ ಇಲ್ಲ. ಅಲ್ಯೂಮಿನಿಯಂ ತಗಡಿನಲ್ಲಿ ಕಟ್ಟಿದ ನನ್ನದು 100 ಕಿಲೋ ಹತ್ತಿರ ನಿಂತಿತು. ಅದೇ ಸಾಕಷ್ಟಾಯಿತು: ಇಬ್ಬರು ಸೇರಿದರೂ ಎತ್ತುವುದು ಕಷ್ಟ, ಬೆರಳು ಸಿಕ್ಕಿಕೊಂಡರೆ ಮೂಳೆ ಉಳಿಯುವುದಿಲ್ಲ. ಒಂದು ಜೊತೆ ಹಲಗೆ, ಒಂದು ಸಣ್ಣ ಜಾಕ್, ದಪ್ಪ ಅಡಿಯ ಬೂಟು, ಇವನ್ನು ಮೊದಲ ದಿನವೇ ತಂದಿಟ್ಟುಕೊಳ್ಳಿ.

ಮೊದಲ ಸಲಕ್ಕೆ ಯಾವ ಟ್ಯಾಂಕ್ ಅಂದರೆ ನನ್ನ ಮತ ಅಮೆರಿಕದ ಶರ್ಮನ್. ಅದರ ಚಕ್ರಗಳು ಎರಡೆರಡರ ಜೋಡಿಯಾಗಿ ಒಂದೊಂದು ಬದಿಗೆ ಮೂರು ಕಡೆ ಹೊರಗಿನಿಂದಲೇ ಬೋಲ್ಟ್ ಆಗುತ್ತವೆ. ಒಂದು ಜೋಡಿ ಕೆಟ್ಟರೆ ಅದನ್ನಷ್ಟೇ ಬಿಚ್ಚಬಹುದು. ಟೈಗರ್‌ನಲ್ಲಿ ಬದಿಗೆ ಎಂಟು ಅಚ್ಚು, ಚಕ್ರಗಳು ಒಂದರ ಮೇಲೊಂದು ಹೆಣೆದುಕೊಂಡಿರುತ್ತವೆ. ಒಳಗಿನ ಒಂದು ಬೇರಿಂಗ್ ಕಿರುಗುಟ್ಟಿದರೆ ಹೊರಗಿನ ಚಕ್ರಗಳನ್ನೆಲ್ಲ ಬಿಚ್ಚಬೇಕು. ಅಸಲಿ ಟೈಗರ್ ರಿಪೇರಿ ಮಾಡಿದ ಮೆಕ್ಯಾನಿಕ್‌ಗಳಿಗೂ ಇದೇ ಗೋಳು. ನಾನು ಆಸೆಗೆ ಬಿದ್ದು ಮೊದಲೇ ಟೈಗರಿಗೆ ಕೈ ಹಾಕಿದೆ. ಹಾಗಾಗಿ ಮುಂದಿನ ಲೆಕ್ಕಗಳೆಲ್ಲ ಅದರದ್ದೇ. ನಿಮ್ಮ ಟ್ಯಾಂಕಿನ ಅಂಕಿ ಹಾಕಿಕೊಂಡು ಓದಿ.

ಹೆಜ್ಜೆ 1: ತಗಡು ಕತ್ತರಿಸುವ ಮುಂಚೆ ಮೋಟಾರಿನ ಲೆಕ್ಕ

ಅಸಲಿ ಟೈಗರ್ ರಸ್ತೆಯಲ್ಲಿ ಗಂಟೆಗೆ ಸುಮಾರು 38 ಕಿ.ಮೀ ಓಡುತ್ತಿತ್ತು. ಆರರಲ್ಲಿ ಒಂದು ಅಂದರೆ 6 ಕಿ.ಮೀ ಚಿಲ್ಲರೆ, ಬಿರುಸಾಗಿ ನಡೆಯುವ ವೇಗ. ಪಕ್ಕದಲ್ಲೇ ನಡೆಯುತ್ತಾ ಓಡಿಸಬಹುದು. ಅದಕ್ಕಿಂತ ಜಾಸ್ತಿ ಬೇಡ.

ಈಗ ಎಳೆತ. 100 ಕಿಲೋ ಟ್ಯಾಂಕ್ 20 ಡಿಗ್ರಿ ಏರು ಹತ್ತಬೇಕಾದರೆ ಏರಿಗೇ ಸುಮಾರು 34 ಕಿಲೋ ಬಲ ಬೇಕು. ಹುಲ್ಲಿನ ಮೇಲೆ ಟ್ರ್ಯಾಕ್ ಉರುಳುವ ಪ್ರತಿರೋಧಕ್ಕೆ ಇನ್ನು 10 ಕಿಲೋ ಹಾಕಿ. ಒಟ್ಟು 44, ಬದಿಗೆ 22. ಟೈಗರ್‌ನ ಸ್ಪ್ರಾಕೆಟ್‌ಗೆ (ಟ್ರ್ಯಾಕನ್ನು ಎಳೆಯುವ ಹಲ್ಲಿನ ಚಕ್ರ) 20 ಹಲ್ಲು, ಟ್ರ್ಯಾಕಿನ ಒಂದು ಕೊಂಡಿಯ ಅಳತೆ 130 ಮಿ.ಮೀ. ಮಾದರಿಯಲ್ಲಿ ಅದು 21.7 ಮಿ.ಮೀ ಆಗಿ, ಸ್ಪ್ರಾಕೆಟ್‌ನ ಅರ್ಧವ್ಯಾಸ 6.9 ಸೆಂ.ಮೀ ಬರುತ್ತದೆ. 22 ಕಿಲೋ ಬಲವನ್ನು ಆ ದೂರದಲ್ಲಿ ಎಳೆಯಲು ಶಾಫ್ಟಿನಲ್ಲಿ 15 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಬೇಕು. ಗೇರ್, ಕೀಲು, ಮಣ್ಣು ಎಲ್ಲ ನುಂಗುವುದಕ್ಕೆ ಅದನ್ನು ಎರಡರಷ್ಟು ಮಾಡಿ: 30. ಸ್ಪ್ರಾಕೆಟ್ ಒಂದು ಸುತ್ತಿಗೆ 43 ಸೆಂ.ಮೀ ಹೋಗುತ್ತದೆ, ಆದ್ದರಿಂದ 6 ಕಿ.ಮೀ ವೇಗಕ್ಕೆ ನಿಮಿಷಕ್ಕೆ 230 ಸುತ್ತು. ಈ ಎರಡು ಅಂಕಿ ಕೈಯಲ್ಲಿದ್ದರೆ ಮೋಟಾರು ಆರಿಸುವುದು ಸುಲಭ. ಗಾಲಿಕುರ್ಚಿಗೆ ಬಳಸುವ 24 ವೋಲ್ಟ್, 250 ವ್ಯಾಟ್ ಗೇರ್ ಮೋಟಾರು ಬದಿಗೊಂದರಂತೆ ಹಾಕಿದರೆ ಕೆಲಸಕ್ಕೆ ಬರುತ್ತದೆ. ಗೇರ್‌ನಿಂದ ಹೊರಬರುವ ಸುತ್ತು 230ಕ್ಕಿಂತ ಕಡಿಮೆ ಇದ್ದರೂ ಪರವಾಗಿಲ್ಲ, ನಿಧಾನವಾದಷ್ಟೂ ನೋಡಲು ಭಾರವಾಗಿಯೇ ಕಾಣುತ್ತದೆ.

ಎಲ್ಲರೂ ಮರೆಯುವುದು ತಿರುವನ್ನು. ಟ್ಯಾಂಕಿನ ಚಕ್ರಗಳು ಕಾರಿನದರಂತೆ ಪಕ್ಕಕ್ಕೆ ಹೊರಳುವುದಿಲ್ಲ. ಒಂದು ಟ್ರ್ಯಾಕ್ ಮುಂದೆ, ಇನ್ನೊಂದು ಹಿಂದೆ, ಮಧ್ಯೆ ಟ್ರ್ಯಾಕಿನ ಉದ್ದಕ್ಕೂ ನೆಲವನ್ನು ಅಡ್ಡಕ್ಕೆ ಉಜ್ಜಿಕೊಂಡೇ ತಿರುಗಬೇಕು. ನೆಲ ಮುಟ್ಟುವ ಟ್ರ್ಯಾಕಿನ ಉದ್ದವನ್ನು ಎರಡು ಟ್ರ್ಯಾಕಿನ ನಡುವಿನ ಅಂತರದಿಂದ ಭಾಗಿಸಿ. ಟೈಗರಿಗೆ ಅದು ಸುಮಾರು 1.28. ಅದನ್ನು ತೂಕದಿಂದ ಗುಣಿಸಿ, ಘರ್ಷಣೆಗೆ 0.6 ಹಿಡಿದು ಗುಣಿಸಿ, ನಾಲ್ಕರಿಂದ ಭಾಗಿಸಿ. ಬದಿಗೆ 19 ಕಿಲೋ ಬರುತ್ತದೆ. ಅಂದರೆ ಗಟ್ಟಿ ನೆಲದಲ್ಲಿ ನಿಂತಲ್ಲೇ ತಿರುಗುವುದೂ ಒಂದೇ, 20 ಡಿಗ್ರಿ ಏರು ಹತ್ತುವುದೂ ಹೆಚ್ಚುಕಮ್ಮಿ ಒಂದೇ. ನೇರ ಓಡಿಸಿ "ಮೋಟಾರು ಸಾಕು" ಅಂದುಕೊಂಡವರು ಮೊದಲ ತಿರುವಿನಲ್ಲಿ ಫ್ಯೂಸ್ ಸುಡುವುದು ಇದಕ್ಕೇ.

ಹೆಜ್ಜೆ 2: ಬಾಡಿ

4 ಅಥವಾ 5 ಮಿ.ಮೀ ಅಲ್ಯೂಮಿನಿಯಂ ತಗಡು, ಮೂಲೆಗಳಲ್ಲಿ ಎಲ್ ಪಟ್ಟಿ, ಬೋಲ್ಟು. ವೆಲ್ಡಿಂಗ್ ಮಾಡಿದರೆ ತಗಡು ಸೊಟ್ಟಗಾಗುವ ಅಪಾಯ ಇದೆ, ಬೋಲ್ಟ್ ಆದರೆ ತಿದ್ದಬಹುದು. 12 ಮಿ.ಮೀ ಪ್ಲೈವುಡ್‌ನಲ್ಲೂ ಒಳ್ಳೆಯ ಬಾಡಿ ಕಟ್ಟಬಹುದು, ಆದರೆ ಅಚ್ಚು ಹಾಯುವ ಕಡೆಯೆಲ್ಲ ಲೋಹದ ಪಟ್ಟಿ ಕೊಡಿ.

ಇಲ್ಲಿ ಒಂದೇ ಒಂದು ವಿಷಯಕ್ಕೆ ಹಟ ಹಿಡಿಯಿರಿ: ಎರಡೂ ಬದಿಯ ತಗಡನ್ನು ಒಟ್ಟಿಗೆ ಕ್ಲಾಂಪ್ ಮಾಡಿ ಒಂದೇ ಸಲಕ್ಕೆ ತೂತು ಕೊರೆಯಿರಿ. ಬೇರೆಬೇರೆ ಕೊರೆದರೆ ಅಚ್ಚುಗಳು ಒಂದಕ್ಕೊಂದು ನೇರ ಕೂರುವುದಿಲ್ಲ. ಅದರ ಫಲ ಟ್ರ್ಯಾಕಿನಲ್ಲಿ ಕಾಣುತ್ತದೆ. ಜೊತೆಗೆ ಮೇಲಿನ ಮುಚ್ಚಳ ಪೂರ್ತಿ ಎದ್ದು ಬರುವ ಹಾಗಿರಲಿ. ಬ್ಯಾಟರಿ ತೆಗೆಯಲು ಟರೆಟ್ ಬಿಚ್ಚಬೇಕಾದ ಟ್ಯಾಂಕನ್ನು ನೀವು ಹೆಚ್ಚು ದಿನ ಓಡಿಸುವುದಿಲ್ಲ.

ಹೆಜ್ಜೆ 3: ಚಕ್ರ ಮತ್ತು ಸ್ಪ್ರಿಂಗ್

ಚಕ್ರಕ್ಕೆ ಎರಡೆರಡು ಬೇರಿಂಗ್, ರಬ್ಬರ್ ಮುಚ್ಚಳ ಇರುವ ನಮೂನೆಯದ್ದು. ಚಕ್ರವನ್ನು 3ಡಿ ಪ್ರಿಂಟ್ ಮಾಡುವುದಾದರೆ ಪಿಎಲ್‌ಎ ಪ್ಲಾಸ್ಟಿಕ್ ಬೇಡ. 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಅದು ಮೆತ್ತಗಾಗುತ್ತದೆ, ಬಿಸಿಲಿನಲ್ಲಿ ನಿಂತ ಕಪ್ಪು ಚಕ್ರ ತೂಕಕ್ಕೆ ಚಪ್ಪಟೆಯಾಗಿ ಕೂರುತ್ತದೆ. ಪಿಇಟಿಜಿ ಅಥವಾ ಎಎಸ್‌ಎ ವಾಸಿ.

ಸ್ಪ್ರಿಂಗ್ ಆರಿಸುವಾಗ ಖಾಲಿ ಬಾಡಿಗೆ ಹೊಂದಿಸಬೇಡಿ. ಪೂರ್ತಿ ತೂಕ ಬಿದ್ದಾಗ ಚಕ್ರ ಮೇಲೆ ಕೆಳಗೆ ಆಡುವ ಒಟ್ಟು ಓಟದಲ್ಲಿ ಮೂರರಲ್ಲೊಂದು ಭಾಗ ಕುಸಿದಿರಬೇಕು. ನನ್ನದರಲ್ಲಿ ಓಟ 45 ಮಿ.ಮೀ, ಕುಸಿತ 15. ಕಡಿಮೆ ಕುಸಿದರೆ ಟ್ಯಾಂಕ್ ಕಲ್ಲಿನ ಮೇಲೆ ಬಡಿದುಕೊಳ್ಳುತ್ತಾ ಹೋಗುತ್ತದೆ, ಚಕ್ರ ನೆಲ ಬಿಟ್ಟ ಜಾಗದಲ್ಲಿ ಟ್ರ್ಯಾಕ್ ಸಡಿಲವಾಗುತ್ತದೆ. ಸಡಿಲವಾದ ಟ್ರ್ಯಾಕ್ ಏನು ಮಾಡುತ್ತದೆ ಅಂತ ಗೊತ್ತಲ್ಲ.

ಹೆಜ್ಜೆ 4: ಟ್ರ್ಯಾಕ್

ಇಡೀ ಕೆಲಸದ ಅರ್ಧ ಸಮಯ ಇಲ್ಲಿಗೆ ಎತ್ತಿಡಿ. ಟೈಗರಿಗೆ ಬದಿಗೆ 96 ಕೊಂಡಿ. ಎರಡೂ ಬದಿ ಸೇರಿ 192, ಪ್ರತಿ ಕೊಂಡಿಗೂ ಒಂದು ಪಿನ್. ಬೇಜಾರಿನ ಕೆಲಸ, ಸುಳ್ಳು ಹೇಳುವುದಿಲ್ಲ. ಎರಕದ ಉಕ್ಕಿನ ಕೊಂಡಿ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ತೂಕವೂ ತಳದಲ್ಲೇ ಸೇರುತ್ತದೆ. ಅಲ್ಯೂಮಿನಿಯಂ ಎರಕವೂ ನಡೆಯುತ್ತದೆ. ಪ್ರಿಂಟ್ ಮಾಡುವುದಾದರೆ ನೈಲಾನ್.

ಒಂದು ಗುಟ್ಟಿನ ಲೆಕ್ಕ ಕೇಳಿ. ಪ್ರತಿ ಕೀಲಿನಲ್ಲಿ ಬರೀ 0.2 ಮಿ.ಮೀ ಸವೆದರೂ 96 ಕೊಂಡಿಗೆ 19 ಮಿ.ಮೀ ಆಯಿತು. ಒಂದು ಕೊಂಡಿಯೇ 21.7. ಅಂದರೆ ಕಣ್ಣಿಗೆ ಕಾಣದ ಸವೆತ ಸೇರಿ ಸೇರಿ ಟ್ರ್ಯಾಕ್ ಹತ್ತಿರ ಹತ್ತಿರ ಒಂದು ಕೊಂಡಿಯಷ್ಟು ಉದ್ದವಾಗಿರುತ್ತದೆ. ನಾನು ಮೊದಲು ಸಾದಾ ಮೆತ್ತನೆ ಕಬ್ಬಿಣದ ಸರಳನ್ನು ಕತ್ತರಿಸಿ ಪಿನ್ ಮಾಡಿದ್ದೆ. ಮೂರು ಗಂಟೆ ಓಟವಾದ ಮೇಲೆ ಒಂದು ಪಿನ್ ಹೊರಗೆಳೆದರೆ ನಡುನಡುವೆ ಸೊಂಟ ಸಣ್ಣಗಾಗಿತ್ತು, ಉಗುರು ಓಡಿಸಿದರೆ ಮೆಟ್ಟಿಲು ಮೆಟ್ಟಿಲಾಗಿ ಸಿಗುತ್ತಿತ್ತು. 192 ಪಿನ್ನನ್ನೂ ಬಿಸಾಡಿ ಗಟ್ಟಿ ಉಕ್ಕಿನ ಸರಳಿನಲ್ಲಿ ಮತ್ತೆ ಮಾಡಿದೆ. ನೀವು ಮೊದಲೇ ಮಾಡಿ.

ಜೋಡಿಸುವ ಕ್ರಮ ಹೀಗೆ. ಹತ್ತು ಕೊಂಡಿ ಮಾತ್ರ ಮೊದಲು ಜೋಡಿಸಿ ಸ್ಪ್ರಾಕೆಟ್ ಸುತ್ತ ಬಾಗಿಸಿ ನೋಡಿ. ಹಲ್ಲು ಪ್ರತಿ ಕೊಂಡಿಯಲ್ಲೂ ಒಂದೇ ಆಳಕ್ಕೆ ಕೂರಬೇಕು. ಹತ್ತನೆಯದಕ್ಕೆ ಬರುವಷ್ಟರಲ್ಲಿ ಹಲ್ಲು ಮೇಲೇರುತ್ತಿದ್ದರೆ ಅಳತೆ ತಪ್ಪಿದೆ. ಆಗಲೇ ಸ್ಪ್ರಾಕೆಟ್ ತಿದ್ದಿ, 96 ಕೊಂಡಿಯನ್ನೂ ಅರದಿಂದ ಉಜ್ಜುತ್ತಾ ಕೂರಬೇಡಿ. ಆಮೇಲೆ ಪೂರ್ತಿ ಹೆಣೆದು, ಎತ್ತಿ ಹಿಡಿದು ಅಲುಗಿಸಿ. ಹಾವಿನಂತೆ ಮಣಿಯಬೇಕು. ಎಲ್ಲಾದರೂ ಕೋಲಿನಂತೆ ನಿಂತರೆ ಆ ಪಿನ್ ಬಿಗಿಯಾಗಿದೆ ಅಂತ ಅರ್ಥ.

ನೇರ ಇದೆಯೋ ಇಲ್ಲವೋ ನೋಡಲು ಒಂದು ದಾರ ಸಾಕು. ಸ್ಪ್ರಾಕೆಟ್‌ನಿಂದ ಹಿಂದಿನ ಐಡ್ಲರ್ ಚಕ್ರದವರೆಗೆ (ಟ್ರ್ಯಾಕ್ ಹಿಂದೆ ಸುತ್ತಿ ಬರುವ, ಮೋಟಾರಿಲ್ಲದ ಚಕ್ರ) ಬಿಗಿಯಾಗಿ ಎಳೆಯಿರಿ. ನಡುವಿನ ಪ್ರತಿ ಚಕ್ರವೂ ದಾರಕ್ಕೆ ಸಮದೂರದಲ್ಲಿರಬೇಕು. ನನ್ನ ಎಡ ಐಡ್ಲರ್ ಬರೀ ಎರಡು ಮಿ.ಮೀ ಹೊರಗಿತ್ತು. ಮುಂದೆ ಹೋಗುವಾಗ ಏನೂ ಇಲ್ಲ. ಹಿಂದಕ್ಕೆ ಬರುತ್ತಾ ತಿರುಗಿಸಿದೆ. ಟಕ್, ಟಕ್ ಅಂತ ಎರಡು ಸದ್ದು, ಕೊಂಡಿಯ ಕೊಂಬು (ಟ್ರ್ಯಾಕ್ ಪಕ್ಕಕ್ಕೆ ಸರಿಯದಂತೆ ಚಕ್ರಗಳ ನಡುವೆ ಕೂರುವ ಮುಳ್ಳು) ಚಕ್ರದ ಅಂಚಿನ ಮೇಲೆ ಹತ್ತಿ ಕೂತಿತು, ಮೂರನೆಯ ಸದ್ದಿಗೆ ಟ್ರ್ಯಾಕ್ ಬಿಚ್ಚಿದ ಸೊಂಟಪಟ್ಟಿಯಂತೆ ಹುಲ್ಲಿನ ಮೇಲೆ ಬಿದ್ದಿತ್ತು. ಆ "ಟಕ್" ಸದ್ದನ್ನು ಗುರುತಿಟ್ಟುಕೊಳ್ಳಿ. ಮೊದಲನೆಯದಕ್ಕೇ ನಿಲ್ಲಿಸಿದರೆ ಟ್ರ್ಯಾಕ್ ಉಳಿಯುತ್ತದೆ.

ಬಿಗಿತ ಎಷ್ಟಿರಬೇಕು? ತಂತಿಯಂತೆ ಎಳೆದರೆ ಮೋಟಾರಿನ ಬಲವೆಲ್ಲ ಅಲ್ಲೇ ಹೋಗುತ್ತದೆ, ಬೇರಿಂಗ್ ಸಾಯುತ್ತದೆ. ಟೈಗರಿನಂಥ ಟ್ಯಾಂಕಿನಲ್ಲಿ ಮೇಲಿನ ಟ್ರ್ಯಾಕ್ ಚಕ್ರಗಳ ಬೆನ್ನ ಮೇಲೆ ಮಲಗಿರಬೇಕು. ಸ್ಪ್ರಾಕೆಟ್ ಹಿಂದೆ ಕೈಯಿಂದ ಎತ್ತಿದರೆ ಒಂದು ಬೆರಳು ತೂರುವಷ್ಟು ಏಳಲಿ.

ಹೆಜ್ಜೆ 5: ವೈರಿಂಗ್ ಮತ್ತು ರೇಡಿಯೊ

ಬ್ಯಾಟರಿಗೆ ಎರಡು ದಾರಿ. 12 ವೋಲ್ಟಿನ ಎರಡು ಸೀಸದ ಬ್ಯಾಟರಿಯನ್ನು ಸರಣಿಯಲ್ಲಿ ಹಾಕಿ, ಹೇಗಿದ್ದರೂ ತಳಕ್ಕೆ ತೂಕ ಬೇಕು. ಇಲ್ಲವೇ ಎಂಟು ಸೆಲ್ಲಿನ ಲಿಥಿಯಂ ಐರನ್ ಫಾಸ್ಫೇಟ್, 25.6 ವೋಲ್ಟ್. 20 ಆಂಪಿಯರ್ ಅವರ್ ಇದ್ದರೆ ಸಮತಟ್ಟು ನೆಲದಲ್ಲಿ ಒಂದೂವರೆ ಗಂಟೆಯವರೆಗೆ ಬರುತ್ತದೆ, ಹೆಚ್ಚು ತಿರುಗಿಸಿದರೆ ಕಡಿಮೆ. ಸೀಸದ್ದಾದರೆ ಟ್ಯಾಂಕಿನ ಮೇಲಿನ ಮುಚ್ಚಳ ತೆಗೆದಿಟ್ಟೇ ಚಾರ್ಜ್ ಮಾಡಿ. ಅದು ಜಲಜನಕ ಬಿಡುತ್ತದೆ, ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಸೇರಬಾರದು.

ಫ್ಯೂಸ್ ಬ್ಯಾಟರಿಯ ಪ್ಲಸ್ ತುದಿಗೆ ಗೇಣು ದೂರದೊಳಗಿರಲಿ. ಆಮೇಲೆ ಹೊರಗಿನಿಂದ ಕೈಗೆ ಸಿಗುವ ಕೆಂಪು ಸ್ವಿಚ್, ಬಾಗದೆಯೇ ಹೊಡೆಯುವಂತಿರಬೇಕು. ಸ್ಪೀಡ್ ಕಂಟ್ರೋಲರ್ ಆರಿಸುವಾಗ ಮೋಟಾರಿನ ಸಾಧಾರಣ 10 ಆಂಪಿಯರ್ ನೋಡಬೇಡಿ. ಟ್ರ್ಯಾಕ್ ಸಿಕ್ಕಿಕೊಂಡು ಮೋಟಾರು ನಿಂತಾಗ ಎಳೆಯುವ ಕರೆಂಟನ್ನು ನೋಡಿ. ಅದು ಅದರ ಎಷ್ಟೋ ಪಟ್ಟು. ಮೋಟಾರಿನ ತುದಿಗಳಿಗೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಬೆಸೆಯಿರಿ, ಬ್ರಷ್‌ಗಳ ಕಿಡಿ ರೇಡಿಯೊವನ್ನು ಕೆಡಿಸುವುದು ನಿಲ್ಲುತ್ತದೆ. ಆಂಟೆನಾ ಲೋಹದ ಬಾಡಿಯೊಳಗೆ ಇರಬಾರದು, ಮೇಲೆ ಪ್ಲಾಸ್ಟಿಕ್ ಕೊಳವೆಯಲ್ಲಿ ಹೊರಗೆ ತನ್ನಿ.

ಇಳಿಜಾರಿನ ವಿಷಯ ಒಂದಿದೆ. ಇಳಿಯುವಾಗ ಮೋಟಾರು ಜನರೇಟರ್ ಆಗಿ ಕರೆಂಟನ್ನು ವಾಪಸ್ ಬ್ಯಾಟರಿಗೆ ತಳ್ಳುತ್ತದೆ. ತುಂಬಿದ ಲಿಥಿಯಂ ಬ್ಯಾಟರಿಯ ರಕ್ಷಣಾ ಸರ್ಕ್ಯೂಟ್ ಆಗ ಬಾಗಿಲು ಮುಚ್ಚಿದರೆ ವೋಲ್ಟೇಜ್ ಏರಿ ಕಂಟ್ರೋಲರ್ ಹೋಗುತ್ತದೆ. ಆಗತಾನೇ ಚಾರ್ಜ್ ಮಾಡಿ ಇಳಿಜಾರಿನಿಂದಲೇ ಶುರು ಮಾಡಬೇಡಿ, ಅಷ್ಟೇ.

ಹೆಜ್ಜೆ 6: ಪರೀಕ್ಷೆ, ಟರೆಟ್ ಇಲ್ಲದೆ

ಈಗ ನಿಮ್ಮ ಹತ್ತಿರ ಇರುವುದು ಟ್ರ್ಯಾಕ್ ಇರುವ ಒಂದು ಬೋಳು ಪೆಟ್ಟಿಗೆ. ಇದೇ ಸರಿಯಾದ ಸಮಯ. ಟರೆಟ್, ಮೇಲಿನ ತಗಡು ಎಲ್ಲ ಎಷ್ಟು ತೂಗುತ್ತವೆ ಅಂತ ಅಂದಾಜಿಸಿ ಅಷ್ಟು ಮರಳು ಚೀಲ ಒಳಗೆ ಕಟ್ಟಿ. ಸುಮ್ನೆ ಇಡಬೇಡಿ, ಕಟ್ಟಿ.

ಮೊದಲು ಸ್ಟ್ಯಾಂಡಿನ ಮೇಲೆ. ಟ್ರ್ಯಾಕ್ ಗಾಳಿಯಲ್ಲಿರಲಿ. ಅರ್ಧ ವೇಗದಲ್ಲಿ ಮುಂದಕ್ಕೆ ಅರ್ಧ ಗಂಟೆ, ಹಿಂದಕ್ಕೆ ಅರ್ಧ ಗಂಟೆ ಓಡಿಸಿ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಎರಡೂ ಮೋಟಾರು ಮುಟ್ಟಿ ನೋಡಿ. ಒಂದು ಬೆಚ್ಚಗೆ, ಇನ್ನೊಂದು ಕೈ ಇಡಲಾಗದಷ್ಟು ಬಿಸಿ ಅಂದರೆ ಆ ಬದಿಯಲ್ಲಿ ಏನೋ ಹಿಡಿಯುತ್ತಿದೆ. ಪ್ರತಿ ನಟ್ಟಿನ ಮೇಲೂ ಬಾಡಿಗೆ ತಾಗುವಂತೆ ಒಂದು ಬಣ್ಣದ ಗೆರೆ ಎಳೆದಿಡಿ. ನಟ್ಟು ಸಡಿಲಿದರೆ ಗೆರೆ ತುಂಡಾಗಿ ಕಾಣುತ್ತದೆ, ಸ್ಪ್ಯಾನರ್ ಹಿಡಿದು ನೂರು ನಟ್ಟು ತಿರುವುವುದು ತಪ್ಪುತ್ತದೆ.

ಸ್ಟ್ಯಾಂಡಿನಿಂದ ಇಳಿಸುವ ಮೊದಲು ಇನ್ನೊಂದು. ಟ್ರ್ಯಾಕ್ ಓಡುತ್ತಿರುವಾಗಲೇ ಕೈಲಿರುವ ರಿಮೋಟ್ ಆಫ್ ಮಾಡಿ. ಟ್ರ್ಯಾಕ್ ತಕ್ಷಣ ನಿಲ್ಲಬೇಕು. ಕೆಲವು ರಿಸೀವರ್‌ಗಳು ಕೊನೆಯ ಆಜ್ಞೆಯನ್ನೇ ಹಿಡಿದುಕೊಂಡಿರುತ್ತವೆ. ಈ ಪರೀಕ್ಷೆಯನ್ನು ನಾನು ಒಮ್ಮೆ ಬಿಟ್ಟಿದ್ದೆ. ರಿಮೋಟಿನ ಸೆಲ್ ಖಾಲಿಯಾಯಿತು, ಟ್ಯಾಂಕ್ ಮಾತ್ರ ನಡೆಯುತ್ತಲೇ ಇತ್ತು, ಗೋಡೆಗೆ ಮೂಗು ಕೊಟ್ಟು ನಿಂತ ಜಾಗದಲ್ಲೇ ಮಣ್ಣು ಕೆರೆಯುತ್ತಿತ್ತು. ಓಡಿಹೋಗಿ ಸ್ವಿಚ್ ಹೊಡೆದೆ. ಅಲ್ಲಿ ಗೋಡೆಯ ಬದಲು ಒಂದು ಮಗು ನಿಂತಿದ್ದರೆ? ಫೇಲ್‌ಸೇಫ್ ಸೆಟ್ಟಿಂಗ್ ತಟಸ್ಥಕ್ಕೆ ಹಾಕಿ, ಪ್ರತಿ ಓಟದ ಮುಂಚೆಯೂ ಪರೀಕ್ಷಿಸಿ.

ಇನ್ನು ನೆಲಕ್ಕೆ. ನೇರ ಗೆರೆ ಎಳೆದು ಹತ್ತು ಮೀಟರ್ ಓಡಿಸಿ, ಯಾವ ಕಡೆ ಎಳೆಯುತ್ತದೆ ನೋಡಿ. ಸ್ವಲ್ಪ ಎಳೆದರೆ ರಿಮೋಟಿನಲ್ಲಿ ಸಣ್ಣಗೆ ಹೊಂದಿಸುವ ಗುಂಡಿ, ಅಂದರೆ ಟ್ರಿಮ್‌ನಲ್ಲಿ ಸರಿಹೋಗುತ್ತದೆ. ಜಾಸ್ತಿ ಎಳೆದರೆ ಟ್ರಿಮ್ ಮುಟ್ಟಬೇಡಿ, ಟ್ರ್ಯಾಕಿನ ಬಿಗಿತ ನೋಡಿ. ಆಮೇಲೆ ಹುಲ್ಲು, ಜಲ್ಲಿ, ಕಾಂಕ್ರೀಟು, ಮೂರರಲ್ಲೂ ನಿಂತಲ್ಲೇ ಹತ್ತತ್ತು ಸುತ್ತು ತಿರುಗಿಸಿ. ಕಾಂಕ್ರೀಟಿನದ್ದೇ ಕಠಿಣ.

ನನಗೆ ಅತಿ ಇಷ್ಟದ ಪರೀಕ್ಷೆ ಎಳೆತದ್ದು. ಟ್ಯಾಂಕಿನ ಹಿಂದಿನ ಕೊಕ್ಕೆಗೆ ನೇತುಹಾಕುವ ತೂಕದ ಯಂತ್ರ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಗಟ್ಟಿ ಕಂಬಕ್ಕೆ ಕಟ್ಟಿ. ಹಗ್ಗ ಹರಿದರೆ ಬಡಿಯುವ ಜಾಗದಲ್ಲಿ ಯಾರೂ ನಿಲ್ಲಬಾರದು. ನಿಧಾನವಾಗಿ ವೇಗ ಏರಿಸಿ, ಬ್ಯಾಟರಿ ವೈರಿಗೆ ಕ್ಲಾಂಪ್ ಮೀಟರ್ ಹಾಕಿ ಕರೆಂಟ್ ನೋಡಿ. ನಮ್ಮ ಲೆಕ್ಕಕ್ಕೆ 44 ಕಿಲೋ ಬೇಕಿತ್ತು, ಯಂತ್ರ 50 ದಾಟಿದರೆ ಖುಷಿ ಪಡಿ. ಅಂಕಿಗಿಂತ ಮುಖ್ಯವಾದದ್ದು ಮೊದಲು ಸೋಲುವುದು ಯಾವುದು ಅನ್ನುವುದು. ಟ್ರ್ಯಾಕ್ ನೆಲದ ಮೇಲೆ ಜಾರಿದರೆ ಒಳ್ಳೆಯದು, ಆ ಜಾರುವಿಕೆಯೇ ಮೋಟಾರಿಗೆ ರಕ್ಷಣೆ. ಟ್ರ್ಯಾಕ್ ನೆಲ ಕಚ್ಚಿಕೊಂಡು ಮೋಟಾರು ನಿಂತುಬಿಟ್ಟರೆ ಗೇರ್ ಸುತ್ತು ಇಳಿಸುತ್ತಿರುವುದು ಸಾಲದು ಅಂತ ಅರ್ಥ. ಅದನ್ನು ಈಗಲೇ ಬದಲಿಸಿ, ಇಲ್ಲದಿದ್ದರೆ ಒಂದು ದಿನ ಸುಟ್ಟ ವಾಸನೆ ಬರುತ್ತದೆ.

ಏರಿಗೆ ಉದ್ದ ಹಲಗೆ, ಫೋನಿನ ಕೋನಮಾಪಕ. 10 ಡಿಗ್ರಿಯಿಂದ ಶುರು ಮಾಡಿ ಐದೈದು ಏರಿಸಿ, 20ಕ್ಕೆ ನಿಲ್ಲಿ. ಕೆಳಗಡೆ ನೀವು ನಿಲ್ಲಬೇಡಿ, ಪಕ್ಕದಲ್ಲಿ ನಿಲ್ಲಿ. ಟ್ರ್ಯಾಕ್ ಕಳಚುವುದು ಏರಿನಲ್ಲಿ ಕಡಿಮೆ, ಓರೆ ನೆಲದಲ್ಲಿ ಅಡ್ಡ ಹೋಗುತ್ತಾ ತಿರುಗಿಸಿದಾಗ ಜಾಸ್ತಿ. ಅದನ್ನೂ ಬೇಕಂತಲೇ ಮಾಡಿ ನೋಡಿ.

ಕೆಸರಿಗೆ ಹೆದರಬೇಕಿಲ್ಲ. ನೆಲ ಮುಟ್ಟುವ ಟ್ರ್ಯಾಕಿನ ಒಟ್ಟು ಜಾಗ 1,450 ಚದರ ಸೆಂ.ಮೀ ಆಸುಪಾಸು, 100 ಕಿಲೋ ಅದರ ಮೇಲೆ ಹಂಚಿದರೆ ಚದರ ಸೆಂಟಿಮೀಟರಿಗೆ 70 ಗ್ರಾಂ. ನಿಮ್ಮ ಬೂಟು ಅದಕ್ಕಿಂತ ಜಾಸ್ತಿ ಒತ್ತುತ್ತದೆ. ಹಾಗಾಗಿ ನೀವು ಹೂತುಹೋಗುವ ಜಾಗದಲ್ಲೂ ಟ್ಯಾಂಕ್ ತೇಲಿಕೊಂಡು ಹೋಗುತ್ತದೆ. ಆದರೆ ಕೆಸರು ಸ್ಪ್ರಾಕೆಟ್‌ನ ಹಲ್ಲುಸಂದಿಯಲ್ಲಿ ಗಟ್ಟಿಯಾಗಿ ಟ್ರ್ಯಾಕನ್ನು ಮೇಲೆತ್ತುತ್ತದೆ, ಆಗಾಗ ಕೋಲಿನಿಂದ ಕೆರೆಯಿರಿ.

ಕೊನೆಗೆ ಬ್ಯಾಟರಿ ಮುಗಿಯುವವರೆಗೆ ಒಂದು ಓಟ. ಮುಗಿದ ಮೇಲೆ ಟ್ರ್ಯಾಕಿನ ಉದ್ದ ಅಳೆದು ಬರೆದಿಡಿ.

ಹೆಜ್ಜೆ 7: ಟರೆಟ್, ಸದ್ದು, ಹೊಗೆ

ಇವು ಸುಲಭದ ಭಾಗ, ಬೇಗ ಹೇಳಿ ಮುಗಿಸುತ್ತೇನೆ. ಟರೆಟ್ ಕೂರಲು ದೊಡ್ಡ ತಿರುಗುಬೇರಿಂಗ್, ತಿರುಗಿಸಲು ಕಾರಿನ ವೈಪರ್ ಮೋಟಾರು. ಅದರ ವರ್ಮ್ ಗೇರ್‌ನಿಂದಾಗಿ ಓರೆ ನೆಲದಲ್ಲೂ ಟರೆಟ್ ತಾನಾಗಿ ತಿರುಗುವುದಿಲ್ಲ. ವೈರುಗಳು ತಿರುಚದಿರಲು ಸ್ಲಿಪ್ ರಿಂಗ್ (ತಿರುಗುತ್ತಲೇ ಕರೆಂಟ್ ದಾಟಿಸುವ ಬಳೆ) ಹಾಕಿ. ಫಿರಂಗಿಯ ನಳಿಗೆಯನ್ನು ಟೊಳ್ಳು ಅಲ್ಯೂಮಿನಿಯಂ ಕೊಳವೆಯಲ್ಲಿ ಮಾಡಿ, ಗಟ್ಟಿ ಸರಳಾದರೆ ಮೂತಿಯ ತೂಕಕ್ಕೆ ಅದನ್ನು ಎತ್ತುವ ಸಣ್ಣ ಮೋಟಾರು (ಸರ್ವೊ) ಸೋಲುತ್ತದೆ. ಹಿಂದಕ್ಕೆ ಜಿಗಿಯುವ ಆಟ ಮತ್ತು ಸ್ಪೀಕರಿನ ಸದ್ದು ಸಾಕು, ನಳಿಗೆಯಿಂದ ನಿಜವಾಗಿ ಏನನ್ನೂ ಹಾರಿಸಬೇಡಿ. ಹೊಗೆ ಯಂತ್ರದ ಹೀಟರಿಗೆ ಬೇರೆ ಫ್ಯೂಸ್ ಇರಲಿ.

ಅಂದದ ಕೆಲಸಕ್ಕೆ ಫೋಟೊ ಬೇಕಾದರೆ ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಂನ ಟೈಗರ್ 131 ನೋಡಿ. 1943ರಲ್ಲಿ ಟ್ಯುನೀಷಿಯಾದಲ್ಲಿ ಸೆರೆ ಸಿಕ್ಕದ್ದು, ಇವತ್ತಿಗೂ ಓಡುತ್ತದೆ. ಅದು ಓಡುವ ವಿಡಿಯೊಗಳಲ್ಲಿ ಬಣ್ಣ ನೋಡುವುದಕ್ಕಿಂತ ಮೇಲಿನ ಟ್ರ್ಯಾಕ್ ಹೇಗೆ ಅಲೆಯಾಗಿ ಏಳುತ್ತದೆ ನೋಡಿ, ನಿಮ್ಮ ಬಿಗಿತ ಸರಿಯಿದೆಯೋ ಇಲ್ಲವೋ ಅಲ್ಲೇ ತಿಳಿಯುತ್ತದೆ.

ಟರೆಟ್ ಕೂರಿಸಿದ ಮೇಲೆ ಮರಳು ಚೀಲ ತೆಗೆದು ಮತ್ತೊಮ್ಮೆ ತೂಗಿ. ಮುಂದೊಂದು, ಹಿಂದೊಂದು ತಕ್ಕಡಿ ಇಟ್ಟರೆ ತೂಕ ಎಲ್ಲಿ ಬಿದ್ದಿದೆ ಗೊತ್ತಾಗುತ್ತದೆ. ಮುಂಭಾಗಕ್ಕೆ ಜಾಸ್ತಿ ಬಂದಿದ್ದರೆ ಬ್ಯಾಟರಿಯನ್ನು ಹಿಂದಕ್ಕೆ ಸರಿಸಿ, ದಾರ ಎಳೆದು ನೋಡಿ, ಓರೆ ನೆಲದ ಪರೀಕ್ಷೆಯನ್ನು ಇನ್ನೊಂದು ಸಲ ಮಾಡಿ. ಅದೂ ಆದ ಮೇಲೆ ಬಣ್ಣದ ಡಬ್ಬಿ ತೆರೆಯಿರಿ. ಟ್ರ್ಯಾಕಿಗೆ ಮಾತ್ರ ಬಣ್ಣ ಹೊಡೆಯಬೇಡಿ, ಎರಡು ಓಟಕ್ಕೆ ಉದುರಿ ಕೀಲಿನಲ್ಲಿ ಸೇರಿಕೊಳ್ಳುತ್ತದೆ.